ಭಾನುವಾರ ಕಲಸಿದ ಆಯಿಲ್ ಬಣ್ಣ ಮುಂದಿನ ಭಾನುವಾರದವರೆಗೆ ಉಳಿಯಬೇಕು, ಏನು ಮಾಡಲಿ?

ದುರ್ಗದ ಬಂಡೆ
ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗದವನು. ವಾರವಿಡೀ ಅಂಗಡಿ ಕೆಲಸ, ಕುಂಚ ಹಿಡಿಯುವುದು ಭಾನುವಾರ ಮಾತ್ರ. ಈಗ ಮೂರಡಿ-ನಾಲ್ಕಡಿ ಕ್ಯಾನ್ವಾಸಿನಲ್ಲಿ ಕೋಟೆಯ ಬಂಡೆಗಳನ್ನು ಬರೆಯುತ್ತಿದ್ದೇನೆ. ಸಂಜೆ ಐದೂವರೆ ಬಿಸಿಲಿಗೆ ಬಂಡೆಗಳಿಗೆ ಒಂದು ಬಣ್ಣ ಬರುತ್ತದಲ್ಲ, ಬೂದಿಗೂ ಕಂದಿಗೂ ನಡುವೆ, ಒಳಗಿಂದ ಚೂರು ಕೆಂಪು ಇಣುಕುವಂಥದ್ದು. ಅದನ್ನು ಹಿಡಿಯಲು ನನಗೆ ಒಂದೂವರೆ ಗಂಟೆ ಬೇಕಾಯಿತು. ಬರ್ಂಟ್ ಸಿಯೆನ್ನಾ, ಯೆಲ್ಲೋ ಓಕರ್, ಅಲ್ಟ್ರಾಮರೀನ್, ಸ್ವಲ್ಪ ಬರ್ಂಟ್ ಅಂಬರ್, ಉಳಿದದ್ದು ಟೈಟಾನಿಯಂ ವೈಟ್. 40 ಎಂಎಲ್ ವೈಟ್ ಟ್ಯೂಬ್ ಹೆಚ್ಚುಕಮ್ಮಿ ಖಾಲಿಯಾಯಿತು.

ಮಿಕ್ಕ ಬಣ್ಣವನ್ನು ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿಯಾಗಿ ಹಾಕಿ ಇಟ್ಟೆ. ಮುಂದಿನ ಭಾನುವಾರ ತೆಗೆದರೆ ಮೇಲೆ ಚರ್ಮದ ಹಾಗೆ ಕೆನೆ. ಚಾಕುವಿನಿಂದ ಅದನ್ನು ಎತ್ತಿದೆ, ಅಡಿಯಲ್ಲಿ ಬಣ್ಣ ಮೆತ್ತಗೇ ಇತ್ತು. ಆದರೆ ಹಚ್ಚಿದಾಗ ಕೆನೆಯ ಚೂರುಗಳು ಉಪ್ಪಿಟ್ಟಿನ ರವೆಯ ಹಾಗೆ ಕ್ಯಾನ್ವಾಸಿನ ಮೇಲೆ ನಿಂತವು. ಒಂದು ಬಂಡೆ ಪೂರ್ತಿ ಕೆರೆದು ತೆಗೆಯಬೇಕಾಯಿತು. ಮತ್ತೆ ಕಲಸಿದರೆ ಅದೇ ಬಣ್ಣ ಬರುತ್ತಿಲ್ಲ. ನಮ್ಮ ಮಹಡಿ ಕೋಣೆ ಏಪ್ರಿಲ್‌ನಲ್ಲಿ ಕಾದ ಹಂಚು. ಬಲ್ಲವರು ದಾರಿ ಹೇಳಿ.

ಬೆಣ್ಣೆನಗರಿ
ನೀರಲ್ಲಿ ಮುಳುಗಿಸಿ ಇಡಿ. ಗಾಜಿನ ತುಂಡಿನ ಮೇಲೆ ಬಣ್ಣ ಗುಡ್ಡೆ ಮಾಡಿ, ಅಗಲವಾದ ತಟ್ಟೆಯಲ್ಲಿಟ್ಟು ಮೇಲೆ ಒಂದು ಬೆರಳು ನೀರು. ನಮ್ಮ ಗುರುಗಳು ಹೇಳಿಕೊಟ್ಟಿದ್ದು. ಖರ್ಚಿಲ್ಲ.

ಹೊಳಲ್ಕೆರೆ ಅಕ್ಕ
ಫ್ರೀಜರ್! ನಾನು ನಾಲ್ಕು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ.

ಕೆಮಿಸ್ಟ್ರಿ ಮೇಷ್ಟ್ರು
ಬಂಡೆಯವರೇ, ಮೊದಲು ಒಂದು ವಿಷಯ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಆಯಿಲ್ ಬಣ್ಣ ಒಣಗುವುದು ಬಟ್ಟೆ ಒಣಗಿದ ಹಾಗಲ್ಲ. ಬಟ್ಟೆಯಿಂದ ನೀರು ಹೊರಗೆ ಹೋಗುತ್ತದೆ. ಇಲ್ಲಿ ಗಾಳಿಯ ಆಮ್ಲಜನಕ ಒಳಗೆ ಬರುತ್ತದೆ. ಟ್ಯೂಬಿನಲ್ಲಿರುವ ಅಗಸೆ ಎಣ್ಣೆ ಆಮ್ಲಜನಕ ಹೀರಿಕೊಂಡು, ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯ ಹಾಗೆ ಗಟ್ಟಿಯಾಗುತ್ತವೆ. ಹಾಗಾಗಿ ಶುರುವಿನಲ್ಲಿ ಬಣ್ಣದ ತೂಕ ಇಳಿಯುವ ಬದಲು ಏರುತ್ತದೆ. ನಂಬಿಕೆ ಬರದಿದ್ದರೆ ಸಣ್ಣ ತಕ್ಕಡಿಯಲ್ಲಿ ತೂಗಿ ನೋಡಿ.

ನಿಮ್ಮ ಡಬ್ಬಿಯಲ್ಲಿ ಬಣ್ಣ ಕಾಲು ಭಾಗ, ಗಾಳಿ ಮುಕ್ಕಾಲು ಭಾಗ ಇತ್ತು ಅಂತ ಕಾಣುತ್ತದೆ. ಮುಚ್ಚಳ ಎಷ್ಟು ಬಿಗಿಯಾಗಿದ್ದರೂ ಒಳಗಿದ್ದ ಗಾಳಿ ಸಾಕು ಕೆನೆ ಕಟ್ಟಲು. ಜೊತೆಗೆ ಸೆಕೆ. ಬಿಸಿ ಹೆಚ್ಚಿದಷ್ಟೂ ಈ ಕ್ರಿಯೆ ಜೋರಾಗುತ್ತದೆ, ಬೆಳಕೂ ಅದಕ್ಕೆ ಒತ್ತಾಸೆ. ನೀವು ಮಾಡಬೇಕಾದದ್ದು ಎರಡೇ: ಗಾಳಿ ತಪ್ಪಿಸಿ, ತಂಪು ಕೊಡಿ. ಇಲ್ಲಿ ಬರುವ ಸಲಹೆಗಳನ್ನೆಲ್ಲ ಈ ಎರಡು ಕಣ್ಣಿನಿಂದ ನೋಡಿ.

ಬೋರ್ಡ್ ಪೇಂಟರ್ ಮಗ
ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು. ನಮ್ಮ ಅಪ್ಪ ದಾವಣಗೆರೆಯಲ್ಲಿ ಮೂವತ್ತು ವರ್ಷ ಅಂಗಡಿ ಬೋರ್ಡು ಬರೆದವರು. ಎನಾಮೆಲ್ ಡಬ್ಬಿ ಅರ್ಧ ಉಳಿದರೆ ಮುಚ್ಚಳ ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಡಬ್ಬಿ ತಲೆಕೆಳಗು ಮಾಡಿ ಇಡುತ್ತಿದ್ದರು. ಬಣ್ಣವೇ ಮುಚ್ಚಳದ ಸಂದಿಗೆ ಹೋಗಿ ಗಾಳಿ ತಡೆಯುತ್ತದೆ. ಕೆನೆ ಕಟ್ಟಿದರೂ ಅದು ತಳದ ಕಡೆ ಇರುತ್ತದೆ, ತಿರುಗಿಸಿ ತೆಗೆದಾಗ ಮೇಲೆ ಒಳ್ಳೆ ಬಣ್ಣ. ಕೆನೆ ಬಂದದ್ದನ್ನು ಹಳೆ ಬನಿಯನ್ ಬಟ್ಟೆಯಲ್ಲಿ ಸೋಸುತ್ತಿದ್ದರು. ನಾನು ಎಂಟನೇ ಕ್ಲಾಸಿನಲ್ಲಿ ಆ ಬಟ್ಟೆ ಹಿಂಡುವ ಕೆಲಸ ಮಾಡುತ್ತಿದ್ದೆ. ಉಗುರಿನಿಂದ ಕೆಂಪು ಬಣ್ಣ ಮೂರು ದಿನ ಹೋಗುತ್ತಿರಲಿಲ್ಲ.

ಕುಂದವಾಡ ಕೆರೆ ದಂಡೆ
ನಿಮ್ಮ ತಂದೆ ಬರೆದ ಬೋರ್ಡು ಈಗ ಯಾವುದಾದರೂ ಉಳಿದಿದೆಯಾ? ಮಂಡಿಪೇಟೆ ಕಡೆ ಒಂದೆರಡು ಹಳೆ ಕೈಬರಹದ ಬೋರ್ಡು ನೋಡಿದ ನೆನಪು. ಆ ಅಕ್ಷರಗಳ ನೆರಳು ಕೊಡುವ ರೀತಿ ಫ್ಲೆಕ್ಸಿನವರಿಗೆ ಎಲ್ಲಿಂದ ಬರಬೇಕು.

ಬೋರ್ಡ್ ಪೇಂಟರ್ ಮಗ
ಒಂದು ಕಿರಾಣಿ ಅಂಗಡಿಯದು ಇದೆ ಅಣ್ಣ. "ವ" ಅಕ್ಷರದ ಹೊಟ್ಟೆ ಅಪ್ಪನ ಕೈಯದೇ, ದೂರದಿಂದ ಗುರುತು ಹಿಡಿಯುತ್ತೇನೆ. ಆ ದಾರಿಯಲ್ಲಿ ಹೋದಾಗಲೆಲ್ಲ ಗಾಡಿ ನಿಧಾನ ಮಾಡುತ್ತೇನೆ.

ಚಳ್ಳಕೆರೆ ಹುಡುಗ
ಬಂಡೆ ಅಣ್ಣ, ಸುಲಭ ಉಪಾಯ ಹೇಳಲಾ? ಸ್ವಲ್ಪ ಶೇಂಗಾ ಎಣ್ಣೆ ಬೆರೆಸಿ. ನಮ್ಮೂರಲ್ಲಿ ಗಾಣಕ್ಕೇನು ಕೊರತೆ. ವಾರ ಅಲ್ಲ, ತಿಂಗಳಾದರೂ ಬಣ್ಣ ಒದ್ದೆ ಇರುತ್ತದೆ.

ಕೆಮಿಸ್ಟ್ರಿ ಮೇಷ್ಟ್ರು
ತಮ್ಮಾ, ದಯವಿಟ್ಟು ಬೇಡ. ತಿಂಗಳಲ್ಲ, ವರ್ಷವಾದರೂ ಅಂಟಂಟೇ ಇರುತ್ತದೆ! ಎಲ್ಲ ಎಣ್ಣೆಯೂ ಒಣಗುವ ಎಣ್ಣೆಯಲ್ಲ. ಅದನ್ನು ಅಳೆಯಲು ಅಯೋಡಿನ್ ಸಂಖ್ಯೆ ಅಂತ ಒಂದಿದೆ. ಅಗಸೆ ಎಣ್ಣೆಗೆ ಅದು 170ಕ್ಕಿಂತ ಮೇಲೆ, ಶೇಂಗಾಕ್ಕೆ 100ರ ಆಸುಪಾಸು. ಸಂಖ್ಯೆ ಕಡಿಮೆ ಇದ್ದರೆ ಆ ಕೊಂಡಿಗಳು ಬೀಳುವುದಿಲ್ಲ. ಹರಳೆಣ್ಣೆ, ಕೊಬ್ಬರಿ ಎಣ್ಣೆಯ ಕಥೆಯೂ ಅಷ್ಟೇ. ಡಬ್ಬಿಯಲ್ಲಿ ಒಣಗದಿರುವುದು ಸರಿ, ಗೋಡೆಯ ಮೇಲೆ ತೂಗುಹಾಕಿದ ಮೇಲಾದರೂ ಒಣಗಬೇಕಲ್ಲ.

ಚಳ್ಳಕೆರೆ ಹುಡುಗ
ಅಯ್ಯೋ, ನಾನು ಒಂದು ಚಿತ್ರಕ್ಕೆ ಹಾಕಿಬಿಟ್ಟಿದ್ದೇನೆ ಸರ್. ಹೋದ ದೀಪಾವಳಿಯದ್ದು. ಇನ್ನೂ ಬೆರಳಿಟ್ಟರೆ ಬಣ್ಣ ಬರುತ್ತದೆ, ಧೂಳೆಲ್ಲ ಅಂಟಿಕೊಂಡಿದೆ. ಟ್ಯೂಬಿನದೇ ದೋಷ ಅಂದುಕೊಂಡಿದ್ದೆ.

ನಿಧಾನಿ
ಆ ಚಿತ್ರದ ಮೇಲೆ ಇನ್ನೊಂದು ಪದರ ಹಚ್ಚಬೇಡ ಮಾರಾಯ. ಅಡಿಯಲ್ಲಿ ಹಸಿ, ಮೇಲೆ ಒಣ ಅಂದರೆ ಬಿರುಕು ಗ್ಯಾರಂಟಿ. ಕೆರೆದು ತೆಗೆದು ಕ್ಯಾನ್ವಾಸ್ ಉಳಿಸಿಕೋ.

ಹರಿಹರದ ಹೊಳೆ
ಕುಸುಬೆ ಎಣ್ಣೆ ನಡೆಯುತ್ತದಾ? ಕೆಲವು ಕಂಪನಿಯ ಬಿಳಿ ಬಣ್ಣದ ಟ್ಯೂಬಿನಲ್ಲೇ ಕುಸುಬೆ ಎಣ್ಣೆ ಇರುತ್ತದೆ ಅಂತ ಓದಿದ್ದೆ.

ಕೆಮಿಸ್ಟ್ರಿ ಮೇಷ್ಟ್ರು
ನಡೆಯುತ್ತದೆ. ಅದು ಅಗಸೆಗಿಂತ ನಿಧಾನ, ಹಳದಿಯಾಗುವುದೂ ಕಡಿಮೆ, ಅದಕ್ಕೇ ಬಿಳಿಗೆ ಬಳಸುತ್ತಾರೆ. ಆದರೆ ಚಿತ್ರಕ್ಕೆ ಅಂತಲೇ ಮಾರುವ ಬಾಟಲಿ ತೆಗೆದುಕೊಳ್ಳಿ. ಅಡುಗೆಗೆ ಬರುವ ಕುಸುಬೆ ಎಣ್ಣೆಯಲ್ಲಿ ಬೇಗ ಕೆಡದಿರಲಿ ಅಂತ ಬೇರೆ ತಳಿಯ ಬೀಜ ಬಳಸಿರಬಹುದು. ಆ ಎಣ್ಣೆ ಸರಿಯಾಗಿ ಒಣಗುವುದಿಲ್ಲ. ಇನ್ನೊಂದು ಮಾತು, ಎಣ್ಣೆ ಸುರಿಯುತ್ತಾ ಹೋದರೆ ಬಣ್ಣ ತೆಳ್ಳಗಾಗಿ ಸುಕ್ಕುಗಟ್ಟುತ್ತದೆ.

ಜೋಗಿಮಟ್ಟಿ ಗಾಳಿ
ನೀರಿನ ವಿಷಯಕ್ಕೆ ಬರುತ್ತೇನೆ. ಬೆಣ್ಣೆನಗರಿಯವರೇ, ಬೇಸರ ಮಾಡಿಕೊಳ್ಳಬೇಡಿ, ನನಗೆ ನೀರು ಕೈಕೊಟ್ಟಿದೆ. ಐದು ದಿನ ಮುಳುಗಿಸಿ ಇಟ್ಟೆ. ಕೆನೆ ಕಟ್ಟಿರಲಿಲ್ಲ, ನಿಜ. ಆದರೆ ಚಾಕುವಿನಿಂದ ಮಗುಚಿದಾಗ ಒಳಗೆ ಮಣಿಗಳ ಹಾಗೆ ನೀರಿನ ಹನಿಗಳು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಹಚ್ಚಿದಾಗ ಬಣ್ಣ ಜಾರುತ್ತಿತ್ತು, ಹಿಡಿಯುತ್ತಿರಲಿಲ್ಲ.

ಬೆಣ್ಣೆನಗರಿ
ನೀವು ತೆಗೆದ ಕೂಡಲೇ ಮಗುಚಿದ್ದೀರಿ, ಅದಕ್ಕೇ. ಮೊದಲು ತಟ್ಟೆ ಓರೆ ಮಾಡಿ ನೀರು ಬಸಿಯಬೇಕು. ಆಮೇಲೆ ಕಾಗದದ ತುದಿಯಿಂದ ಹನಿಗಳನ್ನು ಹೀರಿಸಬೇಕು. ಅರ್ಧ ಗಂಟೆ ಸುಮ್ನೆ ಬಿಡಬೇಕು. ಅದಾದ ಮೇಲೆಯೇ ಚಾಕು. ಇಪ್ಪತ್ತು ವರ್ಷದಿಂದ ನಮಗೆ ಏನೂ ಆಗಿಲ್ಲ.

ಜೋಗಿಮಟ್ಟಿ ಗಾಳಿ
ಎರಡು ದಿನಕ್ಕೆ ಒಪ್ಪುತ್ತೇನೆ. ವಾರಕ್ಕೆ ಒಪ್ಪುವುದಿಲ್ಲ. ನೀರಿನಲ್ಲೂ ಸ್ವಲ್ಪ ಆಮ್ಲಜನಕ ಕರಗಿರುತ್ತದೆ, ಇಲ್ಲದಿದ್ದರೆ ಮೀನು ಬದುಕುತ್ತಿತ್ತಾ?

ಬೆಣ್ಣೆನಗರಿ
ಸರಿ, ಮೀನಿನ ಮಾತು ಒಪ್ಪಿದೆ. ಆದರೆ ಎರಡು-ಮೂರು ದಿನಕ್ಕೆ ನೀರಿಗಿಂತ ಅಗ್ಗದ ಉಪಾಯ ತೋರಿಸಿ ನೋಡೋಣ.

ಹೊಳಲ್ಕೆರೆ ಅಕ್ಕ
ಫ್ರೀಜರ್ ಬಗ್ಗೆ ಪೂರ್ತಿ ಬರೆಯುತ್ತೇನೆ, ಬಂಡೆ ತಮ್ಮನಿಗೆ ಇದು ಸರಿಹೊಂದುತ್ತದೆ ಅನ್ನಿಸುತ್ತದೆ.

ಮನೆ ಫ್ರೀಜರ್ ಮೈನಸ್ 18 ಡಿಗ್ರಿ ಸುತ್ತಮುತ್ತ ಇರುತ್ತದೆ. ಅಷ್ಟು ಚಳಿಗೂ ಆಯಿಲ್ ಬಣ್ಣ ಕಲ್ಲಾಗುವುದಿಲ್ಲ, ಬಿಗಿಯಾಗುತ್ತದೆ ಅಷ್ಟೇ. ಹೊರಗೆ ತಂದರೆ ಮತ್ತೆ ಮೊದಲಿನ ಹಾಗೆ. ನಾನು ಬಣ್ಣವನ್ನು ಹರಡಿ ಬಿಡುವುದಿಲ್ಲ. ಚಾಕುವಿನಿಂದ ಬಳಿದು ಉಂಡೆ ಮಾಡುತ್ತೇನೆ. ಹರಡಿದಷ್ಟೂ ಗಾಳಿ ತಾಗುವ ಮೈ ಜಾಸ್ತಿ, ಉಂಡೆ ಮಾಡಿದರೆ ಕಡಿಮೆ. ಅದರ ಮೇಲೆ ಆಹಾರ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಣ್ಣಕ್ಕೆ ತಾಗುವ ಹಾಗೆ ಒತ್ತುತ್ತೇನೆ. ನಡುವೆ ಗಾಳಿಗುಳ್ಳೆ ಉಳಿದರೆ ಕೆನೆ ಅಲ್ಲೇ ಶುರುವಾಗುತ್ತದೆ. ಹಾಗಾಗಿ ಬೆರಳಿನಿಂದ ನಡುವಿನಿಂದ ಅಂಚಿಗೆ ಸವರುತ್ತೇನೆ. ಆಮೇಲೆ ರಬ್ಬರ್ ಪಟ್ಟಿಯ ಮುಚ್ಚಳದ ಡಬ್ಬಿ.

ಹೊರಗೆ ತೆಗೆದಾಗ ಅವಸರ ಬೇಡ. ಡಬ್ಬಿ ಮುಚ್ಚಿದ ಹಾಗೇ ಒಂದು ಗಂಟೆ ಇಡಿ. ತಣ್ಣಗಿರುವಾಗಲೇ ಮುಚ್ಚಳ ತೆಗೆದರೆ ಮಜ್ಜಿಗೆ ಲೋಟದ ಹೊರಗೆ ಹನಿ ಕಟ್ಟುವ ಹಾಗೆ ಬಣ್ಣದ ಮೇಲೂ ನೀರು ಕೂರುತ್ತದೆ.

ಎರಡು ಮಕ್ಕಳ ತಾಯಿ
ಅಕ್ಕಾ, ಊಟದ ಪದಾರ್ಥ ಇಡುವ ಫ್ರೀಜರಿನಲ್ಲಾ? ಕ್ಯಾಡ್ಮಿಯಂ ಹಳದಿ, ಸೀಸದ ಬಿಳಿ ಇವೆಲ್ಲ ವಿಷ. ಮಕ್ಕಳು ಐಸ್‌ಕ್ರೀಂ ಅಂತ ಕೈ ಹಾಕುತ್ತಾರೆ. ದಯವಿಟ್ಟು ಇದನ್ನು ಸುಲಭ ಮಾಡಿ ಹೇಳಬೇಡಿ.

ಹೊಳಲ್ಕೆರೆ ಅಕ್ಕ
ನೀವು ಹೇಳಿದ್ದು ಸರಿ, ನಾನು ಮೊದಲೇ ಬರೆಯಬೇಕಿತ್ತು. ನಮ್ಮ ಮನೆಯಲ್ಲಿ ಹಳೆ ಚಿಕ್ಕ ಫ್ರಿಜ್ ಬಣ್ಣಕ್ಕೇ ಬಿಟ್ಟಿದ್ದೇವೆ. ಬೇರೆ ಇಲ್ಲದವರು ಫ್ರೀಜರ್ ಉಪಾಯವನ್ನೇ ಕೈಬಿಡಿ. ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ದುರ್ಗದ ಬಂಡೆ
ನಮ್ಮ ಮನೆಯಲ್ಲಿ ಒಂದೇ ಫ್ರಿಜ್, ಅಮ್ಮ ಒಪ್ಪುವುದಿಲ್ಲ. ಅದೂ ಅಲ್ಲದೆ ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ. ಬೇರೆ ದಾರಿ?

ಹಲ್ಲಿನ ಡಾಕ್ಟರು
ಲವಂಗದ ಎಣ್ಣೆ. ನಾವು ಹಲ್ಲಿಗೆ ಬಳಸುವುದೇ. ಮೆಡಿಕಲ್ ಸ್ಟೋರಿನಲ್ಲಿ ಚಿಕ್ಕ ಬಾಟಲಿ ಸಿಗುತ್ತದೆ. ಅದರಲ್ಲಿರುವ ಯೂಜಿನಾಲ್ ಎಣ್ಣೆ ಆಮ್ಲಜನಕದ ಜೊತೆ ಸೇರುವುದನ್ನು ತಡೆಯುತ್ತದೆ. ನಾನು ಬಿಡುವಿನಲ್ಲಿ ಚಿತ್ರ ಬರೆಯುತ್ತೇನೆ, ಒಂದು ಅಡಿಕೆ ಗಾತ್ರದ ಬಣ್ಣಕ್ಕೆ ಒಂದೇ ಹನಿ.

ನಿಧಾನಿ
ಡಾಕ್ಟರೇ, ಒಂದು ತಿದ್ದುಪಡಿ. ಬಣ್ಣಕ್ಕೇ ಬೆರೆಸಿದರೆ ಅದು ಕ್ಯಾನ್ವಾಸಿಗೂ ಹೋಗುತ್ತದೆ. ಅಲ್ಲಿಯೂ ಒಣಗುವುದು ತಡವಾಗುತ್ತದೆ. ಜಾಸ್ತಿಯಾದರೆ ಪದರ ಮೆದುವಾಗುತ್ತದೆ, ಬಣ್ಣ ಕಪ್ಪಿಡುತ್ತದೆ. ಅಡಿಯ ಪದರಕ್ಕೆ ಬಳಸಿ ಅದರ ಮೇಲೆ ಬೇಗ ಒಣಗುವ ಬಣ್ಣ ಹಚ್ಚಿದರೆ ಬಿರುಕು. ನಾನು ಬೆರೆಸುವುದಿಲ್ಲ. ಡಬ್ಬಿಯ ಮುಚ್ಚಳದ ಒಳಗೆ ಹತ್ತಿ ಅಂಟಿಸಿ, ಅದಕ್ಕೆ ಮೂರು ಹನಿ ಬಿಟ್ಟು ಮುಚ್ಚುತ್ತೇನೆ. ಆವಿಯೇ ಕೆಲಸ ಮಾಡುತ್ತದೆ. ಕೋಣೆಯೆಲ್ಲ ಪಲಾವ್ ವಾಸನೆ, ಆದರೆ ಬಣ್ಣ ಉಳಿಯುತ್ತದೆ.

ಹಲ್ಲಿನ ಡಾಕ್ಟರು
ಹತ್ತಿಯ ಉಪಾಯ ಗೊತ್ತಿರಲಿಲ್ಲ. ನಾಳೆಯೇ ಮಾಡುತ್ತೇನೆ.

ಕುಂದವಾಡ ಕೆರೆ ದಂಡೆ
ಬಾಟಲಿಯಲ್ಲಿ ಗಾಳಿ ಕಡಿಮೆ ಮಾಡಲು ಗೋಲಿ ಹಾಕಿ! ಬಣ್ಣ ಮೇಲಕ್ಕೆ ಬರುತ್ತದೆ.

ನಿಧಾನಿ
ಗೋಲಿ ಅಗಸೆ ಎಣ್ಣೆ ಬಾಟಲಿಗೆ, ವಾರ್ನಿಷ್ ಬಾಟಲಿಗೆ ಸರಿ, ನಾನೂ ಹಾಕುತ್ತೇನೆ. ಬೆಣ್ಣೆಯಂಥ ಬಣ್ಣಕ್ಕೆ ಹಾಕಿದರೆ ಅರ್ಧ ಬಣ್ಣ ಗೋಲಿಗೇ ಹೋಗುತ್ತದೆ.

ದೃಶ್ಯಕಲಾ ಹಳೆ ವಿದ್ಯಾರ್ಥಿ
ಇಷ್ಟು ಹೊತ್ತು ಯಾರೂ ಖಾಲಿ ಟ್ಯೂಬ್ ಹೆಸರೇ ಎತ್ತಲಿಲ್ಲವಲ್ಲ! ನಾನು ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದಿದವನು. ದೊಡ್ಡ ಚಿತ್ರಕ್ಕೆ ನಮ್ಮ ಸೀನಿಯರ್‌ಗಳು ಮಾಡುತ್ತಿದ್ದದ್ದು ಇದನ್ನೇ.

ಅಲ್ಯೂಮಿನಿಯಂನ ಖಾಲಿ ಟ್ಯೂಬ್ ಆನ್‌ಲೈನಿನಲ್ಲಿ ಸಿಗುತ್ತದೆ. ಹಿಂಭಾಗ ತೆರೆದಿರುತ್ತದೆ. ಮುಚ್ಚಳ ಹಾಕಿ, ತಲೆಕೆಳಗಾಗಿ ಒಂದು ಲೋಟದಲ್ಲಿ ನಿಲ್ಲಿಸಿ. ಚಾಕುವಿನಿಂದ ಬಣ್ಣ ತುಂಬಿಸಿ. ಪ್ರತಿ ಸಲ ಟ್ಯೂಬನ್ನು ಅಂಗೈಗೆ ಕುಟ್ಟಿ, ಬಣ್ಣ ಕೆಳಗೆ ಇಳಿಯುತ್ತದೆ, ಗಾಳಿ ಮೇಲೆ ಬರುತ್ತದೆ. ಮುಕ್ಕಾಲು ತುಂಬಿದ ಮೇಲೆ ಹಿಂಭಾಗವನ್ನು ಚಪ್ಪಟೆ ಮಾಡಿ ಇಕ್ಕಳದಿಂದ ಎರಡು-ಮೂರು ಮಡಿಕೆ ಹಾಕಿ. ಮಡಚುವ ಮೊದಲು ಬಣ್ಣ ಅಂಚಿಗೆ ಬರುವವರೆಗೆ ಒತ್ತಿ, ಆಗ ಒಳಗೆ ಗಾಳಿಗೆ ಜಾಗವೇ ಇರುವುದಿಲ್ಲ. ತಿಂಗಳುಗಟ್ಟಲೆ ಉಳಿಯುತ್ತದೆ. ಅಂಗಡಿ ಟ್ಯೂಬ್ ವರ್ಷಗಟ್ಟಲೆ ಉಳಿಯುವ ಗುಟ್ಟೂ ಇದೇ. ಒತ್ತಿದ ಮೇಲೆ ಅದು ಗಾಳಿಯನ್ನು ವಾಪಸ್ ಎಳೆದುಕೊಳ್ಳುವುದಿಲ್ಲ.

ಟ್ಯೂಬ್ ಬಂದದ್ದೇ ಈ ಕಷ್ಟಕ್ಕೆ. ಅದಕ್ಕೆ ಮೊದಲು ಯುರೋಪಿನ ಕಲಾವಿದರು ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. ತೂತು ಮಾಡಿ ಹಿಂಡುವುದು, ಮೊಳೆ ಚುಚ್ಚಿ ಮುಚ್ಚುವುದು. 1841ರಲ್ಲಿ ಜಾನ್ ಗಾಫ್ ರ್‍ಯಾಂಡ್ ಎಂಬ ಅಮೆರಿಕದ ಚಿತ್ರಕಾರ ತವರದ ಟ್ಯೂಬಿಗೆ ಪೇಟೆಂಟ್ ಪಡೆದ.

ಹರಿಹರದ ಹೊಳೆ
ಟ್ಯೂಬ್ ಸಿಗದವರು ಸೂಜಿ ಇಲ್ಲದ ಸಿರಿಂಜ್ ಬಳಸಬಹುದು. ಹಿಂದಿನಿಂದ ತುಂಬಿ, ದಂಟು ಒತ್ತಿ ಗಾಳಿ ತೆಗೆದು, ತುದಿಗೆ ಟೇಪ್. ನಾನು 10 ಎಂಎಲ್‌ನದು ಇಟ್ಟುಕೊಂಡಿದ್ದೇನೆ. ಒಂದು ವಾರಕ್ಕೆ ಸಾಕು.

ಹಿರಿಯ ಕುಂಚ
ನಾನು ಎಲ್ಲರಿಗೂ ವಿರುದ್ಧ ಮಾತಾಡುತ್ತೇನೆ, ಕ್ಷಮಿಸಿ. ಬಣ್ಣ ಉಳಿಸುವ ಆಸೆಯೇ ತಪ್ಪು. ಎಳೆ ಎಳೆಯಾಗಲು ಶುರುವಾದ ಬಣ್ಣಕ್ಕೆ ಟರ್ಪಂಟೈನ್ ಹಾಕಿ ಮೆತ್ತಗೆ ಮಾಡಿ ಹಚ್ಚುವವರನ್ನು ಬಹಳ ನೋಡಿದ್ದೇನೆ. ಅದು ಮೆತ್ತಗಾಗುತ್ತದೆ, ಆದರೆ ಒಳಗೆ ಬಿದ್ದ ಕೊಂಡಿ ಬಿಚ್ಚುವುದಿಲ್ಲ. ಕ್ಯಾನ್ವಾಸಿಗೆ ಸರಿಯಾಗಿ ಹಿಡಿಯದೆ ಮುಂದೆ ಎದ್ದು ಬರುತ್ತದೆ. ಹೊಸದಾಗಿ ಕಲಸಿ. ಕಲಸುವುದೂ ಚಿತ್ರ ಬರೆಯುವುದರಲ್ಲೇ ಸೇರಿದೆ.

ದುರ್ಗದ ಬಂಡೆ
ಹಿರಿಯರೇ, ನಿಮ್ಮ ಮಾತಿಗೆ ಗೌರವ ಇದೆ. ಆದರೆ ನನಗೆ ವಾರಕ್ಕೆ ಸಿಗುವುದೇ ಐದು ಗಂಟೆ. ಅದರಲ್ಲಿ ಒಂದೂವರೆ ಗಂಟೆ ಪ್ರತಿ ಸಲ ಕಲಸಲು ಹೋದರೆ ಈ ಚಿತ್ರ ಮುಗಿಯುವುದು ಯಾವಾಗ? ಬಂಡೆಯ ಎಡಭಾಗ ಒಂದು ಬಣ್ಣ, ಬಲಭಾಗ ಇನ್ನೊಂದು ಬಣ್ಣ ಆದರೆ ಒಂದೇ ಕಲ್ಲು ಅಂತ ಯಾರಿಗೆ ಅನ್ನಿಸುತ್ತದೆ?

ಹಿರಿಯ ಕುಂಚ
ಐದು ಗಂಟೆ ಅಂದದ್ದು ನನ್ನನ್ನು ಯೋಚನೆಗೆ ಹಚ್ಚಿತು. ನಾನು ದಿನವೂ ಬರೆಯುವವನು, ನಿಮ್ಮ ಕಷ್ಟ ನನಗೆ ಬಂದಿಲ್ಲ. ಹಾಗಾದರೆ ಒಂದು ಕೆಲಸ ಮಾಡಿ. ಎಷ್ಟೇ ಉಳಿಸಿದರೂ, ಕಲಸಿದ ದಿನವೇ ದಪ್ಪ ಕಾಗದದ ಮೇಲೆ ಆ ಬಣ್ಣ ಎರಡು ಬೆರಳಗಲ ಬಳಿದು, ಪಕ್ಕದಲ್ಲಿ ಯಾವ ಬಣ್ಣ ಎಷ್ಟು ಭಾಗ ಅಂತ ಬರೆದಿಡಿ. ಓಕರ್ ನಾಲ್ಕು, ಸಿಯೆನ್ನಾ ಎರಡು, ಹೀಗೆ. ಟ್ಯೂಬ್ ಕಂಪನಿಯ ಹೆಸರೂ ಬರೆಯಿರಿ, ಕಂಪನಿ ಬದಲಾದರೆ ಅದೇ ಹೆಸರಿನ ಬಣ್ಣವೂ ಬದಲು.

ಕೆಮಿಸ್ಟ್ರಿ ಮೇಷ್ಟ್ರು
ಬಂಡೆಯವರ ಕಲಸುವಿಕೆಯಲ್ಲೇ ಒಂದು ಕಳ್ಳ ಇದ್ದಾನೆ, ಈಗ ಹೊಳೆಯಿತು. ಬರ್ಂಟ್ ಅಂಬರ್! ಅದರಲ್ಲಿ ಮ್ಯಾಂಗನೀಸ್ ಇರುತ್ತದೆ. ಮ್ಯಾಂಗನೀಸ್, ಕೋಬಾಲ್ಟ್, ಸೀಸ ಇವೆಲ್ಲ ಎಣ್ಣೆಯನ್ನು ಬೇಗ ಒಣಗಿಸುತ್ತವೆ. ಟೈಟಾನಿಯಂ ವೈಟ್, ಐವರಿ ಬ್ಲಾಕ್, ಅಲಿಜರಿನ್ ಕ್ರಿಮ್ಸನ್ ನಿಧಾನ. ಅಂಬರ್ ಬಿಟ್ಟು, ಸಿಯೆನ್ನಾಕ್ಕೆ ಚಿಟಿಕೆ ಐವರಿ ಬ್ಲಾಕ್ ಹಾಕಿ ಅದೇ ಕಂದು ಹಿಡಿಯಲು ಆಗುತ್ತದಾ ನೋಡಿ. ಬೇಗ ಒಣಗಿಸುವ ಆಲ್ಕಿಡ್ ಮೀಡಿಯಂ ಏನಾದರೂ ಬೆರೆಸಿದ್ದರೆ ಅದನ್ನು ಉಳಿಸುವ ಆಸೆ ಬಿಡಿ.

ಎರಡು ಮಕ್ಕಳ ತಾಯಿ
ವಿಷಯ ಬೇರೆ, ಆದರೆ ಹೇಳಲೇಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ನಮ್ಮ ಬೀದಿಯಲ್ಲಿ ಮರದ ಪಾಲಿಶ್ ಕೆಲಸ ನಡೆದ ಮನೆಯಲ್ಲಿ ರಾತ್ರಿ ಬುಟ್ಟಿಯಿಂದ ಹೊಗೆ ಬಂತು. ಯಾರೂ ಬೆಂಕಿ ಹಚ್ಚಿರಲಿಲ್ಲ.

ಕೆಮಿಸ್ಟ್ರಿ ಮೇಷ್ಟ್ರು
ಇದು ಬಹಳ ಮುಖ್ಯ. ಆಮ್ಲಜನಕ ಸೇರುವಾಗ ಶಾಖ ಹುಟ್ಟುತ್ತದೆ. ಹರಡಿದ ಬಟ್ಟೆಯಿಂದ ಶಾಖ ಹಾರಿಹೋಗುತ್ತದೆ, ಮುದ್ದೆಯಲ್ಲಿ ಒಳಗೇ ಕೂಡಿಕೊಂಡು ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿಡಿ, ಇಲ್ಲವೇ ಮನೆಯ ಹೊರಗೆ ತಂತಿಯ ಮೇಲೆ ಒಂಟಿಯಾಗಿ ಹರವಿ. ಬಂಡೆಯವರ ಕಾದ ಮಹಡಿ ಕೋಣೆಗೆ ಈ ಮಾತು ಮೊದಲು.

ದುರ್ಗದ ಬಂಡೆ
ಮೂಲೆಯಲ್ಲಿ ಅಂಥ ಒಂದು ರಾಶಿಯೇ ಇತ್ತು. ಈಗ ತಾನೇ ಎಲ್ಲ ಬಕೆಟ್ ನೀರಿಗೆ ಹಾಕಿ ಬಂದೆ. ತುಂಬಾ ಥ್ಯಾಂಕ್ಸ್ ಅಕ್ಕಾ.

ದುರ್ಗದ ಬಂಡೆ (ಎರಡು ವಾರದ ನಂತರ)
ಹೇಳಿದ್ದನ್ನೆಲ್ಲ ಮಾಡಿ ನೋಡಿದೆ. ಅಂಬರ್ ಇರುವ ಹಳೆ ಬಣ್ಣವನ್ನೇ ಮತ್ತೆ ಕಲಸಿ ಮೂರು ಪಾಲು ಮಾಡಿದೆ. ಒಂದು ನೀರಿಗೆ, ಒಂದು ಪ್ಲಾಸ್ಟಿಕ್ ಹಾಳೆ ಒತ್ತಿ ಲವಂಗದ ಹತ್ತಿಯ ಡಬ್ಬಿಗೆ, ಒಂದು ಸಿರಿಂಜಿಗೆ. ಮಹಡಿಯಲ್ಲಿ ಇಡದೆ ಕೆಳಗೆ ನೀರಿನ ಮಡಕೆಯ ಪಕ್ಕ ಇಟ್ಟೆ, ಮನೆಯಲ್ಲಿ ಅಲ್ಲೇ ತಂಪು.

ಏಳನೇ ದಿನ ನೀರಿನ ಪಾಲಿಗೆ ಅಂಚಿನಲ್ಲಿ ತೆಳು ಕೆನೆ ಬಂದಿತ್ತು, ಹನಿಗಳೂ ಇದ್ದವು. ಬೆಣ್ಣೆನಗರಿಯವರ ಹಾಗೆ ಬಸಿದು ಹೀರಿಸಿದ ಮೇಲೆ ಅರ್ಧ ಬಳಕೆಗೆ ಬಂತು. ಲವಂಗದ ಡಬ್ಬಿಯದು ಚೆನ್ನಾಗಿತ್ತು, ಹಾಳೆಯ ಒಂದು ಸುಕ್ಕಿನ ಕೆಳಗೆ ಮಾತ್ರ ದಾರದಷ್ಟು ಗಟ್ಟಿ ಗೆರೆ. ಸಿರಿಂಜಿನದು ಒತ್ತಿದರೆ ಆಗ ತಾನೇ ಕಲಸಿದ ಹಾಗೆ ಬಂತು. ಹದಿನಾಲ್ಕನೇ ದಿನವೂ ಹಾಗೇ. ತುದಿಯ ಒಂದು ಅಕ್ಕಿಕಾಳಿನಷ್ಟು ಮಾತ್ರ ಒಣಗಿತ್ತು, ಪಿನ್ನಿನಿಂದ ತೆಗೆದೆ.

ಐವರಿ ಬ್ಲಾಕ್ ಹಾಕಿಯೂ ನೋಡಿದೆ ಮೇಷ್ಟ್ರೇ. ನೆರಳಿನ ಭಾಗಕ್ಕೆ ಸರಿಹೋಯಿತು. ಬಿಸಿಲಿನ ಭಾಗಕ್ಕೆ ಅಂಬರ್ ಕೊಡುವ ಬೆಚ್ಚಗಿನ ಕಂದು ಬರಲಿಲ್ಲ, ಅಲ್ಲಿಗೆ ಅಂಬರೇ ಇಟ್ಟುಕೊಂಡೆ.

ಜೋಗಿಮಟ್ಟಿ ಗಾಳಿ
ಚಿತ್ರ ಎಲ್ಲಿಗೆ ಬಂತು?

ದುರ್ಗದ ಬಂಡೆ
ಕೆರೆದ ಬಂಡೆಯನ್ನು ಮತ್ತೆ ಬರೆದೆ. ಎಡದಿಂದ ಬಲಕ್ಕೆ ಈಗ ಒಂದೇ ಕಲ್ಲು. ಮೇಲಿನ ಬತೇರಿ, ಆಕಾಶ ಬಾಕಿ ಇದೆ.

ದೃಶ್ಯಕಲಾ ಹಳೆ ವಿದ್ಯಾರ್ಥಿ
ನನ್ನ ಹತ್ತಿರ ಹನ್ನೆರಡು ಖಾಲಿ ಟ್ಯೂಬ್ ಸುಮ್ನೆ ಬಿದ್ದಿವೆ. ಮುಂದಿನ ಭಾನುವಾರ ಬೆಳಿಗ್ಗೆ ಸ್ಕೆಚ್ ಮಾಡಲು ಚಂದ್ರವಳ್ಳಿಗೆ ಬರುತ್ತಿದ್ದೇನೆ. ಆರು ನಿಮಗೆ ಕೊಡುತ್ತೇನೆ, ಬನ್ನಿ.

ದುರ್ಗದ ಬಂಡೆ
ಖಂಡಿತ ಬರುತ್ತೇನೆ ಅಣ್ಣ. ಏಳು ಗಂಟೆಗೆ ಕೆರೆ ಹತ್ತಿರ ಇರುತ್ತೇನೆ. ಇಕ್ಕಳ ನಾನೇ ತರುತ್ತೇನೆ.